400 ಪಂಪ್ ಕಂಟ್ರೋಲರ್ ಬೋರ್ಡ್‌ಗೆ ಪ್ರೋಗ್ರಾಂ ಹಾಕಬೇಕು: ಚಿಪ್ ಕೊಳ್ಳುವಾಗಲೇ, ಅಸೆಂಬ್ಲಿಯಲ್ಲೇ, ಇಲ್ಲಾ ನಮ್ಮ ಮೇಜಿನ ಮೇಲೇ?

ತುಮಕೂರು ಸ್ಟಾರ್ಟರ್:

ಎಲ್ಲರಿಗೂ ನಮಸ್ಕಾರ. ನಾವು ಮೂವರು ಗೆಳೆಯರು ಸೇರಿ ಬೋರ್‌ವೆಲ್ ಪಂಪ್‌ಗೆ ಮೊಬೈಲ್ ಸ್ಟಾರ್ಟರ್ ಮಾಡುತ್ತೇವೆ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ರೈತರು ತೋಟಕ್ಕೆ ಹೋಗದೆ ಮನೆಯಿಂದಲೇ ಮಿಸ್ಡ್ ಕಾಲ್ ಕೊಟ್ಟು ಮೋಟರ್ ಆನ್ ಮಾಡಬಹುದು. ಒಂದು ಫೇಸ್ ಹೋದರೆ, ಅಥವಾ ಬೋರ್‌ನಲ್ಲಿ ನೀರು ಇಳಿದು ಡ್ರೈ ರನ್ ಆದರೆ, ತಾನೇ ಆಫ್ ಆಗುತ್ತದೆ. ಚಿಪ್ ಎಸ್‌ಟಿಎಂ32ಜಿ031, 32 ಕಾಲಿನದು, 64 ಕೆಬಿ ಫ್ಲ್ಯಾಶ್ (ಪ್ರೋಗ್ರಾಂ ಕೂರುವ ಮೆಮೊರಿ). ನಮ್ಮ ಪ್ರೋಗ್ರಾಂ ಸುಮಾರು 40 ಕೆಬಿ.

ಮೊದಲ ಬ್ಯಾಚ್ 50 ಬೋರ್ಡ್. ಅಷ್ಟಕ್ಕೂ ನಾನೇ ಕೂತು ಪ್ರೋಗ್ರಾಂ ಹಾಕಿದೆ. ಒಂದು ಎಸ್‌ಟಿ-ಲಿಂಕ್ (ಚಿಪ್‌ಗೆ ಪ್ರೋಗ್ರಾಂ ಹಾಕುವ ಸಾಧನ), ಲ್ಯಾಪ್‌ಟಾಪ್, ನಾಲ್ಕು ಜಂಪರ್ ವೈರ್. ಒಂದು ಕೈಯಲ್ಲಿ ವೈರ್ ಒತ್ತಿ ಹಿಡಿಯುವುದು, ಇನ್ನೊಂದು ಕೈಯಲ್ಲಿ ಮೌಸ್. ಹತ್ತರಲ್ಲಿ ಎರಡು ಸಲ ವೈರ್ ಅಲುಗಿ ಮತ್ತೆ ಮೊದಲಿಂದ ಶುರು. ಪೂರ್ತಿ ಒಂದು ದಿನ ಹೋಯಿತು.

ಅದಕ್ಕಿಂತ ದೊಡ್ಡ ನೋವು ಬೇರೆ ಇದೆ. ಎರಡು ಬೋರ್ಡ್‌ಗೆ ಹಳೇ ಹೆಕ್ಸ್ ಫೈಲ್ (ಚಿಪ್‌ಗೆ ಹಾಕಲು ಸಿದ್ಧವಾದ ಪ್ರೋಗ್ರಾಂ ಫೈಲ್) ಹೋಗಿತ್ತು. ಅದರಲ್ಲಿ ಡ್ರೈ ರನ್ ಭಾಗ ಇನ್ನೂ ಮುಗಿದಿರಲಿಲ್ಲ. ಪಾವಗಡದ ಕಡೆ ಒಬ್ಬ ರೈತರ ಮೋಟರ್ ಸುಟ್ಟಿತು. ರಿವೈಂಡಿಂಗ್ ದುಡ್ಡು ನಾವೇ ಕೊಟ್ಟೆವು. ಆದರೆ ಎಂಟು ದಿನ ಅವರ ತೋಟಕ್ಕೆ ನೀರಿರಲಿಲ್ಲ. ಅದನ್ನು ನಾವು ತುಂಬಿ ಕೊಡಲು ಆಗಲಿಲ್ಲ.

ಈಗ 400 ಬೋರ್ಡ್ ಆರ್ಡರ್ ಇದೆ. ಅಸೆಂಬ್ಲಿ ಬೆಂಗಳೂರಲ್ಲಿ ಮಾಡಿಸುತ್ತೇವೆ. ಪ್ರೋಗ್ರಾಂ ಮಾತ್ರ ಎಲ್ಲಿ ಹಾಕಿಸುವುದು? ಚಿಪ್ ಮಾರುವವರೇ ಹಾಕಿ ಕೊಡುತ್ತಾರೆ ಅಂತ ಕೇಳಿದ್ದೇನೆ. ಅಸೆಂಬ್ಲಿಯವರಿಗೆ ಹೆಕ್ಸ್ ಫೈಲ್ ಕೊಟ್ಟರೂ ಆಗುತ್ತದೆ, ಆದರೆ ಎರಡು ವರ್ಷದ ಕೆಲಸ ಬೇರೆಯವರ ಕೈಗೆ ಹೋಗುತ್ತದಲ್ಲ ಅನ್ನುವ ಭಯ. ಅನುಭವ ಇದ್ದವರು ದಯವಿಟ್ಟು ಹೇಳಿ.

ಪೀಣ್ಯ ಲೈನ್:

ಮೋಟರ್ ಸುಟ್ಟ ವಿಷಯ ಓದಿ ಬೇಜಾರಾಯಿತು. ಅದನ್ನು ಮುಚ್ಚಿಡದೆ ಬರೆದಿದ್ದೀರಿ, ಒಳ್ಳೆಯದು. ನಾನು ಪೀಣ್ಯದ ಒಂದು ಘಟಕದಲ್ಲಿ ಎಸ್‌ಎಂಟಿ ಲೈನ್ (ಮಷಿನ್‌ನಿಂದ ಬೋರ್ಡ್ ಮೇಲೆ ಬಿಡಿಭಾಗ ಕೂರಿಸಿ ಬೆಸೆಯುವ ಲೈನ್) ನೋಡಿಕೊಳ್ಳುತ್ತೇನೆ. 200, 500 ಬೋರ್ಡ್‌ನ ಕೆಲಸವೇ ನಮಗೆ ಜಾಸ್ತಿ.

ಮೊದಲು ಸಮಯ ಎಲ್ಲಿ ಹೋಗುತ್ತದೆ ನೋಡಿ. 40 ಕೆಬಿಯನ್ನು ಎಸ್‌ಡಬ್ಲ್ಯೂಡಿ (ಎಸ್‌ಟಿ-ಲಿಂಕ್ ಚಿಪ್ ಜೊತೆ ಮಾತಾಡುವ ಡೇಟಾ, ಕ್ಲಾಕ್ ಎರಡು ವೈರ್‌ನ ದಾರಿ) ಮೂಲಕ ಬರೆದು, ಮತ್ತೆ ಓದಿ ತಾಳೆ ನೋಡಲು ಮೂರು ನಾಲ್ಕು ಸೆಕೆಂಡ್ ಸಾಕು. ಬೋರ್ಡ್ ಎತ್ತುವುದು, ವೈರ್ ಒತ್ತುವುದು, ಮೌಸ್ ಕ್ಲಿಕ್ ಮಾಡುವುದು, ಸ್ಕ್ರೀನ್ ನೋಡುವುದು, ತೆಗೆದು ಪಕ್ಕಕ್ಕಿಡುವುದು, ಇದಕ್ಕೇ ಎರಡು ನಿಮಿಷ. 400ಕ್ಕೆ 13 ಗಂಟೆ ದಾಟುತ್ತದೆ. ಜಿಗ್ (ಬೋರ್ಡ್ ಹಿಡಿದು ಅದರ ಪ್ಯಾಡ್‌ಗಳಿಗೆ ಪಿನ್ ತಾಗಿಸುವ ಚೌಕಟ್ಟು) ಮೇಲೆ ಬೋರ್ಡ್ ಇಟ್ಟು ಕ್ಲಾಂಪ್ ಒತ್ತಿದರೆ ಒಂದಕ್ಕೆ 20 ಸೆಕೆಂಡ್. 400 ಬೋರ್ಡ್ ಎರಡು ಗಂಟೆ ಕಾಲಿಗೆ ಮುಗಿಯುತ್ತದೆ. ಹಾಗಾಗಿ ಯಾವ ಪ್ರೋಗ್ರಾಮರ್ ಕೊಳ್ಳಲಿ ಅಂತ ತಲೆ ಕೆಡಿಸಿಕೊಳ್ಳಬೇಡಿ. ಬೋರ್ಡ್ ಹಿಡಿಯುವುದು ಹೇಗೆ ಅನ್ನುವುದಕ್ಕೆ ಮೊದಲು ದುಡ್ಡು ಹಾಕಿ.

ಜಿಗ್ ನೀವೇ ಮಾಡಿ ನಮ್ಮಂಥವರಿಗೆ ಕಳಿಸಿ. ಕೆಲಸ ಮುಗಿದ ಮೇಲೆ ವಾಪಸ್ ತರಿಸಿಕೊಳ್ಳಿ. ಬರೀ ಹೆಕ್ಸ್ ಫೈಲ್ ಮೇಲ್ ಮಾಡಿ "ಹಾಕಿಬಿಡಿ" ಅಂದರೆ ನಮ್ಮ ಹುಡುಗರು ನೀವು ಮಾಡಿದ್ದನ್ನೇ ಮಾಡುತ್ತಾರೆ. ವೈರ್ ಒತ್ತಿ ಹಿಡಿಯುತ್ತಾರೆ, ಸಂಜೆ ಹೊತ್ತಿಗೆ ಯಾವುದು ಆಯಿತು ಯಾವುದು ಬಿಟ್ಟಿತು ಅಂತ ಗೊತ್ತಾಗುವುದಿಲ್ಲ.

ಚಿಪ್ ಖರೀದಿ:

ನಾನು ಖರೀದಿ ವಿಭಾಗದಲ್ಲಿರುವುದು, ಆ ಕಡೆಯಿಂದ ಹೇಳುತ್ತೇನೆ. ಪ್ರೋಗ್ರಾಂ ಹಾಕಿದ ಚಿಪ್ ಕೊಳ್ಳುವುದು ದೊಡ್ಡ ಕಂಪನಿಗಳಿಗೆ ಮಾತ್ರ ಅನ್ನುವುದು ತಪ್ಪು ತಿಳಿವಳಿಕೆ. ಮೈಕ್ರೋಚಿಪ್ ತನ್ನ ನೇರ ಮಾರಾಟದಲ್ಲೇ ಈ ಸೇವೆ ಕೊಡುತ್ತದೆ. ಡಿಜಿ-ಕೀ ಥರದ ವಿತರಕರೂ ಕೊಡುತ್ತಾರೆ. ನೀವು ಫೈಲ್ ಕಳಿಸುತ್ತೀರಿ, ಅವರು ಮೊದಲು ಮಾದರಿ ಚಿಪ್ ಕೊಡುತ್ತಾರೆ, ನೀವು ಪರೀಕ್ಷೆ ಮಾಡಿ ಒಪ್ಪಿದ ಮೇಲೆ ಉಳಿದದ್ದು ರೀಲ್‌ನಲ್ಲಿ ಬರುತ್ತದೆ. ಅಸೆಂಬ್ಲಿ ಲೈನ್‌ನಲ್ಲಿ ಹೆಚ್ಚಿನ ಕೆಲಸವೇ ಇಲ್ಲ. ಮಷಿನ್ ಎತ್ತಿ ಕೂರಿಸುತ್ತದೆ, ಬೋರ್ಡ್ ಓವನ್‌ನಿಂದ ಹೊರಗೆ ಬರುವಾಗಲೇ ಜೀವಂತ.

ತುಮಕೂರು ಸರ್ ಕಷ್ಟಕ್ಕೆ ಮೂಲ ಏನು? ಎರಡು ಫೈಲ್ ಕಲಸಿಹೋದದ್ದು. ಫೈಲ್ ಒಂದೇ, ಚೆಕ್‌ಸಮ್ (ಫೈಲ್ ಅದೇನಾ ಅಂತ ತಾಳೆ ನೋಡುವ ಸಂಖ್ಯೆ) ಒಂದೇ, ಹಾಕುವ ಕೈಯೂ ಒಂದೇ ಆದರೆ ಆ ತಪ್ಪು ನಡೆಯುವ ಜಾಗವೇ ಇರುವುದಿಲ್ಲ.

ಪೀಣ್ಯ ಲೈನ್:

ಮೇಡಂ, ಪ್ರೋಗ್ರಾಂ ಬದಲಾದರೆ? ಹಾಕಿದ ಚಿಪ್ ಯಾರೂ ವಾಪಸ್ ತಗೊಳ್ಳುವುದಿಲ್ಲ. ಮಾದರಿ ಬರುವುದು, ಒಪ್ಪುವುದು, ರೀಲ್ ಬರುವುದು, ಕಸ್ಟಮ್ಸ್ ದಾಟುವುದು, ಇಷ್ಟರಲ್ಲಿ ಇವರ ಪ್ರೋಗ್ರಾಂ ಎರಡು ಸಲ ಬದಲಾಗಿರುತ್ತದೆ. ಎರಡನೇ ಬ್ಯಾಚ್ ಮಾಡುವವರ ಪ್ರೋಗ್ರಾಂ ಇನ್ನೂ ನಿಂತಿರುವುದಿಲ್ಲ.

ಚಿಪ್ ಖರೀದಿ:

ಒಪ್ಪುತ್ತೇನೆ, ಬದಲಾಗುವ ಪ್ರೋಗ್ರಾಂಗೆ ಇದು ಸರಿಹೋಗುವುದಿಲ್ಲ. ಆದರೆ ಬದಲಾಗದ ಭಾಗ ಒಂದಿರುತ್ತದಲ್ಲ, ಬೂಟ್‌ಲೋಡರ್, ಅಂದರೆ ಮುಖ್ಯ ಪ್ರೋಗ್ರಾಂ ಅನ್ನು ಒಳಗೆ ತರುವ ಸಣ್ಣ ಪ್ರೋಗ್ರಾಂ. ಅದನ್ನು ಮಾತ್ರ ಚಿಪ್‌ನಲ್ಲೇ ಹಾಕಿಸಿ ತರಿಸಿಕೊಳ್ಳಬಹುದು. ಮೇಲಿನ ಪ್ರೋಗ್ರಾಂ ಆಮೇಲೆ ಸೀರಿಯಲ್ ಪೋರ್ಟ್‌ನಲ್ಲಿ.

ಹಳೇ ಇಪ್ರಾಂ:

ನಾನು ಈ ಕೆಲಸಕ್ಕೆ ಬಂದಾಗ ಚಿಪ್ ಮೇಲೆ ಗಾಜಿನ ಕಿಟಕಿ ಇರುತ್ತಿತ್ತು. ಅಳಿಸಬೇಕಾದರೆ ಅಲ್ಟ್ರಾವೈಲೆಟ್ ದೀಪದ ಪೆಟ್ಟಿಗೆಯಲ್ಲಿ ಇಪ್ಪತ್ತು ನಿಮಿಷ ಇಡಬೇಕು. ಅಳಿಸಿದ ಮೇಲೆ ಪ್ರೋಗ್ರಾಂ ಹಾಕಿ, ಬೆಳಕು ಬೀಳದ ಹಾಗೆ ಕಿಟಕಿಗೆ ಸ್ಟಿಕರ್. ಆ ಸ್ಟಿಕರ್ ಮೇಲೇ ವರ್ಷನ್ ಸಂಖ್ಯೆ, ತಾರೀಖು ಬರೆಯುತ್ತಿದ್ದೆವು. ಪ್ರೊಡಕ್ಷನ್‌ಗೆ ಕಿಟಕಿ ಇಲ್ಲದ ಒಟಿಪಿ ಚಿಪ್. ಒಂದು ಸಲ ಹಾಕಿದರೆ ಮುಗಿಯಿತು, ತಪ್ಪಾದರೆ ಕಸದ ಬುಟ್ಟಿಗೆ. ಹಾಗಾಗಿ ಹಾಕುವ ಮೊದಲು ಇಬ್ಬರು ಕೂತು ಚೆಕ್‌ಸಮ್ ಜೋರಾಗಿ ಓದುತ್ತಿದ್ದೆವು.

ಬೋರ್ಡ್‌ಗೆ ಕೂರಿಸುವ ಮೊದಲೇ ಬಿಡಿ ಚಿಪ್‌ಗೆ ಸಾಕೆಟ್‌ನಲ್ಲಿ ಪ್ರೋಗ್ರಾಂ ಹಾಕುವುದರ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಡಿಐಪಿ (ಬೋರ್ಡ್ ತೂತಿಗೆ ಕಾಲು ಇಳಿಯುವ) ಚಿಪ್ ಆದರೆ ಇವತ್ತಿಗೂ ಅದೇ ಸುಲಭ. ಜಿಫ್ ಸಾಕೆಟ್‌ಗೆ ಹಾಕು, ಹಿಡಿ ಒತ್ತು, ತೆಗೆ. ಗ್ಯಾಂಗ್ ಪ್ರೋಗ್ರಾಮರ್ ಇದ್ದರೆ ಒಂದೇ ಸಲ ಎಂಟು. ಎಸ್‌ಎಂಡಿ (ಬೋರ್ಡ್ ಮೇಲ್ಮೈಗೇ ಬೆಸೆಯುವ) ಚಿಪ್‌ಗೆ ಮಾತ್ರ ನಾನು ಬೇಡ ಅನ್ನುತ್ತೇನೆ. ರೀಲ್‌ನಿಂದ ತೆಗೆದ ಚಿಪ್ ಮತ್ತೆ ರೀಲ್‌ಗೆ ಹೋಗುವುದಿಲ್ಲ, ಟ್ರೇಗೆ ಜೋಡಿಸಬೇಕು. ಜೋಡಿಸುವಾಗ ಒಂದನೇ ಕಾಲು ಯಾವ ಕಡೆ ಅಂತ ಪ್ರತಿಯೊಂದಕ್ಕೂ ನೋಡಬೇಕು. 32 ಕಾಲಿನ ಚಿಪ್‌ನಲ್ಲಿ ಒಂದು ಕಾಲು ಕೂದಲೆಳೆಯಷ್ಟು ಎದ್ದರೂ ಬೆಸುಗೆ ಹಿಡಿಯುವುದಿಲ್ಲ.

ಇನ್ನೊಂದು ತೇವದ ವಿಷಯ. ಎಂಎಸ್‌ಎಲ್ 3 (ಚಿಪ್ ಎಷ್ಟು ತೇವ ತಾಳುತ್ತದೆ ಅನ್ನುವ ಮಟ್ಟ) ಅಂತ ಕವರ್ ಮೇಲೆ ಬರೆದಿದ್ದರೆ, ಕವರ್ ಒಡೆದ ಮೇಲೆ 168 ಗಂಟೆ ಒಳಗೆ ಓವನ್‌ಗೆ ಹೋಗಬೇಕು. ಅಂದರೆ ಏಳು ದಿನ. ಅದೂ 30 ಡಿಗ್ರಿ, ಶೇ. 60 ತೇವದ ಒಳಗಿದ್ದರೆ. ನಿಧಾನವಾಗಿ ಒಂದೊಂದೇ ಪ್ರೋಗ್ರಾಂ ಹಾಕುತ್ತಾ ಹತ್ತು ದಿನ ಮೇಜಿನ ಮೇಲೆ ಬಿಟ್ಟರೆ, ರಿಫ್ಲೋ (ಬೆಸುಗೆ ಕರಗಿಸುವ ಓವನ್) ಬಿಸಿಗೆ ಒಳಗಿನ ತೇವ ಆವಿಯಾಗಿ ಚಿಪ್ ಒಳಗೇ ಸೀಳುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಆರು ತಿಂಗಳ ಮೇಲೆ ತೋಟದಲ್ಲಿ ಸಾಯುತ್ತದೆ.

ತುಮಕೂರು ಸ್ಟಾರ್ಟರ್:

ಸಾಕೆಟ್ ದಾರಿ ಕೈಬಿಟ್ಟೆ ಸರ್. ತೇವದ ವಿಷಯ ನನಗೆ ಗೊತ್ತೇ ಇರಲಿಲ್ಲ. ನಮ್ಮಲ್ಲಿ ಒಡೆದ ಕವರ್‌ನಲ್ಲಿ ಉಳಿದ ಚಿಪ್ ಇನ್ನೂ ಡ್ರಾಯರ್‌ನಲ್ಲಿದೆ. ಅದನ್ನು ಹಾಗೇ ಹಾಕಿಸುವುದಿಲ್ಲ.

ಬೂಟ್‌ಲೋಡರ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೀರಾ ಯಾರಾದರೂ?

ಧಾರವಾಡ ಫರ್ಮ್‌ವೇರ್:

ನಾನು ಹೇಳುತ್ತೇನೆ. ಇದು ನನಗೆ ಬಹಳ ಇಷ್ಟವಾದ ಚಿಪ್.

ಜಿ031 ಒಳಗೆ ಎಸ್‌ಟಿಯವರೇ ಕಾರ್ಖಾನೆಯಲ್ಲಿ ಒಂದು ಬೂಟ್‌ಲೋಡರ್ ಇಟ್ಟು ಕಳಿಸುತ್ತಾರೆ. ಅದಕ್ಕೆ ಬೇರೆ ದುಡ್ಡಿಲ್ಲ. ಫ್ಲ್ಯಾಶ್ ಪೂರ್ತಿ ಖಾಲಿ ಇದ್ದರೆ ಚಿಪ್ ತಾನೇ ಅದರೊಳಗೆ ಹೋಗಿ ಕೂತು ಸೀರಿಯಲ್ ಪೋರ್ಟ್‌ನಲ್ಲಿ ಯಾರಾದರೂ ಮಾತಾಡುತ್ತಾರಾ ಅಂತ ಕಾಯುತ್ತದೆ. ಪಿಎ9, ಪಿಎ10 ಎರಡು ವೈರ್, ಜೊತೆಗೆ ಗ್ರೌಂಡ್. ಒಂದು ಯುಎಸ್‌ಬಿ-ಸೀರಿಯಲ್ ಕೇಬಲ್ ಇದ್ದರೆ ಪ್ರೋಗ್ರಾಮರ್ ಬೇಕಾಗಿಯೇ ಇಲ್ಲ. ಪ್ಯಾರಿಟಿ ಮಾತ್ರ ಈವನ್ ಇಡಬೇಕು, ಬಹಳ ಜನ ಅಲ್ಲಿ ಎಡವುತ್ತಾರೆ.

ವೇಗ ಎಷ್ಟು? 115200 ಬಾಡ್‌ನಲ್ಲಿ ಪ್ಯಾರಿಟಿ ಸೇರಿ ಒಂದು ಬೈಟ್‌ಗೆ 11 ಬಿಟ್. ಸೆಕೆಂಡಿಗೆ ಸುಮಾರು 10,470 ಬೈಟ್. 40 ಕೆಬಿಗೆ ನಾಲ್ಕು ಸೆಕೆಂಡ್, ಮತ್ತೆ ಓದಿ ತಾಳೆ ನೋಡಲು ಇನ್ನೊಂದು ನಾಲ್ಕು. ನಡುವೆ ಪ್ರತಿ 256 ಬೈಟ್‌ಗೂ ಒಪ್ಪಿಗೆ ಕಾಯಬೇಕು. ಎಲ್ಲ ಸೇರಿ ಹತ್ತು ಹನ್ನೆರಡು ಸೆಕೆಂಡ್. 400 ಬೋರ್ಡ್‌ಗೆ ಇದು ದೊಡ್ಡದಲ್ಲ.

ಇಲ್ಲಿ ಎರಡು ವಿಷಯ ಮರೆಯಬೇಡಿ. ಒಂದು, ಈ ಸರಣಿಯಲ್ಲಿ ಕಾರ್ಖಾನೆಯ ಸೆಟ್ಟಿಂಗ್ ಇದ್ದ ಹಾಗೇ ಇದ್ದರೆ ಬೂಟ್0 ಪಿನ್ (ಬೂಟ್‌ಲೋಡರ್‌ಗೆ ಹೋಗಲು ಎಳೆಯುವ ಪಿನ್) ಅನ್ನು ಚಿಪ್ ನೋಡುವುದೇ ಇಲ್ಲ. ಆ ಪಿನ್ ಎಸ್‌ಡಬ್ಲ್ಯೂಡಿ ಕ್ಲಾಕ್ ಪಿನ್ ಜೊತೆ ಹಂಚಿಕೊಂಡಿದೆ. ಮೊದಲ ಸಲ ಖಾಲಿ ಚಿಪ್ ಆದ್ದರಿಂದ ಬೂಟ್‌ಲೋಡರ್ ಸಿಗುತ್ತದೆ. ಒಂದು ಸಲ ಪ್ರೋಗ್ರಾಂ ಹಾಕಿದ ಮೇಲೆ ಪಿನ್ ಎಳೆದರೂ ಸಿಗುವುದಿಲ್ಲ, ಆಪ್ಷನ್ ಬೈಟ್ (ಚಿಪ್ ಒಳಗೆ ಉಳಿಯುವ ಸೆಟ್ಟಿಂಗ್) ಬದಲಿಸಿರಬೇಕು. ಹಳೇ ಎಸ್‌ಟಿಎಂ32ಎಫ್103 ಚಿಪ್ ಬಳಸಿದವರು ಇಲ್ಲಿ ಅರ್ಧ ದಿನ ಕಳೆಯುತ್ತಾರೆ.

ಎರಡನೆಯದು ಇನ್ನೂ ಕಾಡುತ್ತದೆ. ಖಾಲಿಯಾ ಅಲ್ವಾ ಅನ್ನುವುದನ್ನು ಚಿಪ್ ಪವರ್ ಬಂದಾಗ ಒಂದು ಸಲ ನೋಡಿ ನೆನಪಿಟ್ಟುಕೊಳ್ಳುತ್ತದೆ. ನೀವು ಪ್ರೋಗ್ರಾಂ ಹಾಕಿ ಬರೀ ರಿಸೆಟ್ ಕೊಟ್ಟರೆ ಅದರ ಲೆಕ್ಕದಲ್ಲಿ ಫ್ಲ್ಯಾಶ್ ಇನ್ನೂ ಖಾಲಿ. ಮತ್ತೆ ಬೂಟ್‌ಲೋಡರ್‌ಗೇ ಹೋಗುತ್ತದೆ. ಎಸ್‌ಡಬ್ಲ್ಯೂಡಿಯಲ್ಲಿ ಹಾಕಿದರೂ ಹೀಗೇ. ಬೋರ್ಡ್ ಸತ್ತಿದೆ ಅಂತ ಪಕ್ಕಕ್ಕೆ ಎಸೆಯುತ್ತಾರೆ. ಪವರ್ ಪೂರ್ತಿ ತೆಗೆದು ಕೊಟ್ಟರೆ ಓಡುತ್ತದೆ. ಆಪ್ಷನ್ ಬೈಟ್ ಮತ್ತೆ ಲೋಡ್ ಮಾಡಿಸಿದರೂ ಆಗುತ್ತದೆ. ಜಿಗ್‌ನಲ್ಲಿ ಪವರ್ ಕತ್ತರಿಸುವ ಒಂದು ಟ್ರಾನ್ಸಿಸ್ಟರ್ ಇಟ್ಟುಬಿಡಿ.

ತುಮಕೂರು ಸ್ಟಾರ್ಟರ್:

ಅಯ್ಯೋ, ಮೊದಲ ಬ್ಯಾಚ್‌ನಲ್ಲಿ ನಾಲ್ಕು ಬೋರ್ಡ್ "ಓಡಲಿಲ್ಲ" ಅಂತ ಡಬ್ಬದಲ್ಲಿ ಹಾಕಿದ್ದೆ. ಈಗ ತೆಗೆದು ಪವರ್ ಕೊಟ್ಟೆ. ಮೂರು ಓಡುತ್ತಿವೆ!

ಪೀಣ್ಯ ಲೈನ್:

ಧಾರವಾಡದವರು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಲೈನ್‌ನಲ್ಲೂ ಇದೇ ಚಿಪ್‌ಗೆ ಇದೇ ಕಥೆ ನಡೆದಿದೆ.

ಆದರೂ ಸೀರಿಯಲ್‌ನಲ್ಲಿ ಹಾಕುವುದಕ್ಕಿಂತ ಎಸ್‌ಡಬ್ಲ್ಯೂಡಿಯಲ್ಲಿ ಹಾಕುವುದೇ ಮೇಲು ಅನ್ನುತ್ತೇನೆ. ಐದು ಪ್ಯಾಡ್ ಇಡಿ: 3.3 ವೋಲ್ಟ್, ಗ್ರೌಂಡ್, ಡೇಟಾ, ಕ್ಲಾಕ್, ರಿಸೆಟ್. ರಿಸೆಟ್ ಬಿಡಬೇಡಿ. ನಿಮ್ಮ ಪ್ರೋಗ್ರಾಂ ನಿದ್ದೆಗೆ ಹೋದರೆ ಅಥವಾ ಎಸ್‌ಡಬ್ಲ್ಯೂಡಿ ಪಿನ್ ಬೇರೆ ಕೆಲಸಕ್ಕೆ ಬಳಸಿದರೆ, ರಿಸೆಟ್ ಹಿಡಿದುಕೊಂಡೇ ಒಳಗೆ ಹೋಗಬೇಕಾಗುತ್ತದೆ. ಸೀರಿಯಲ್ ಪೋರ್ಟ್ ಅನ್ನು ಟೆಸ್ಟ್‌ಗೆ ಇಟ್ಟುಕೊಳ್ಳಿ.

ಟೆಸ್ಟ್ ಬಗ್ಗೆ ಇಲ್ಲಿ ಯಾರೂ ಮಾತಾಡುತ್ತಿಲ್ಲ, ಅದೇ ನನ್ನ ಚಿಂತೆ. ಬೋರ್ಡ್ ಒಂದು ಸಲ ಪಿನ್‌ಗಳ ಮೇಲೆ ಕೂತ ಮೇಲೆ ಪ್ರೋಗ್ರಾಂ ಹಾಕಿ ಎಬ್ಬಿಸುವುದು ಯಾಕೆ? ಅಲ್ಲೇ ರಿಲೇ ಒಂದು ಸಲ ಕಟಕ್ ಅನ್ನಿಸಿ. ಮೂರು ಫೇಸ್ ಅಳೆಯುವ ಜಾಗಕ್ಕೆ ಸಣ್ಣ ವೋಲ್ಟೇಜ್ ಕೊಟ್ಟು ಎಡಿಸಿ (ವೋಲ್ಟೇಜ್ ಅನ್ನು ಅಂಕಿಯಾಗಿಸುವ ಭಾಗ) ಏನು ಓದುತ್ತದೆ ನೋಡಿ. ಜಿಎಸ್‌ಎಂ (ಮೊಬೈಲ್ ನೆಟ್‌ವರ್ಕ್) ಮಾಡ್ಯೂಲ್‌ಗೆ "ಎಟಿ" ಅಂತ ಕಳಿಸಿದರೆ "ಓಕೆ" ಅನ್ನುತ್ತದಾ ನೋಡಿ. 20 ಸೆಕೆಂಡ್ ಹೋಗಿ 45 ಸೆಕೆಂಡ್ ಆಗಲಿ, 400ಕ್ಕೆ ಐದು ಗಂಟೆ. ಪ್ರೋಗ್ರಾಂ ಮಾಡಿ ತಂದ ಚಿಪ್‌ನಲ್ಲಿ ಈ ಭಾಗ ಸಿಗುವುದಿಲ್ಲ, ಹೇಗಿದ್ದರೂ ಟೆಸ್ಟ್‌ಗೆ ಅಂತ ಬೋರ್ಡ್ ಇನ್ನೊಂದು ಸಲ ಕೈಗೆತ್ತಿಕೊಳ್ಳಲೇಬೇಕು. ಮತ್ತೆ ಉಳಿಸಿದ್ದೇನು?

ಚಿಪ್ ಖರೀದಿ:

ಇದು ಒಳ್ಳೆಯ ಮಾತು. ಟೆಸ್ಟ್ ಜಿಗ್ ಹೇಗೂ ಬೇಕು ಅಂದ ಮೇಲೆ ಪ್ರೋಗ್ರಾಂ ಅಲ್ಲೇ ಹಾಕುವುದು ಸರಿ, ಈ 400ಕ್ಕೆ ನನ್ನ ಸಲಹೆ ವಾಪಸ್ ತಗೊಳ್ಳುತ್ತೇನೆ. ಐದು ಸಾವಿರ ಆದಾಗ, ಅದೂ ಪ್ರೋಗ್ರಾಂ ಒಂದು ವರ್ಷ ಬದಲಾಗದೆ ನಿಂತಾಗ, ಮತ್ತೆ ಕೇಳಿ.

ಖರೀದಿ ಕಡೆಯಿಂದ ಒಂದೇ ಎಚ್ಚರಿಕೆ. ಚಿಪ್ ಸಿಗದ ದಿನಗಳಲ್ಲಿ ಅವಸರಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡವರು ಇದ್ದಾರೆ. ಅಲ್ಲಿ ಒಳ್ಳೆಯ ಅಂಗಡಿಗಳು ಬಹಳ ಇವೆ, ನಾನೂ ಅಲ್ಲೇ ಕಲಿತವಳು. ಆದರೆ ಎಫ್103 ಚಿಪ್‌ಗೆ ನಕಲಿಗಳು ಲೋಕದ ತುಂಬ ಹರಡಿವೆ, ಮೇಲೆ ಅಚ್ಚಾದ ಹೆಸರು ನಂಬುವ ಹಾಗಿಲ್ಲ. ಎಸ್‌ಡಬ್ಲ್ಯೂಡಿಯಲ್ಲಿ ಮೊದಲು ಬರುವ ಐಡಿ ಕೋಡ್ ಅಸಲಿಯಲ್ಲಿ 1ಬಿಎ01477, ಹಲವು ನಕಲಿಗಳಲ್ಲಿ 2ಬಿಎ01477. ನಿಮ್ಮ ಜಿ031ಗೆ ಅದರದ್ದೇ ಬೇರೆ ಕೋಡ್. ಪ್ರೋಗ್ರಾಂ ಹಾಕುವ ಮೊದಲು ಜಿಗ್ ಅದನ್ನು ಓದಿ ನೋಡಲಿ. ಖರ್ಚಿಲ್ಲದ ತಪಾಸಣೆ.

ಕಡಲತೀರ:

ಮಂಗಳೂರಿಂದ. ನಾನು ಐಸ್ ಪ್ಲಾಂಟ್‌ಗಳಿಗೆ ಟೆಂಪರೇಚರ್ ಲಾಗರ್ ಮಾಡುತ್ತೇನೆ, ಎವಿಆರ್ ಸರಣಿಯ ಎಟಿಮೆಗಾ328ಪಿ ಚಿಪ್. ಪ್ರೋಗ್ರಾಂ ಒಂದೇ ಅಲ್ಲ, ಅದರ ಜೊತೆಗಿನ ಸೆಟ್ಟಿಂಗ್ ಕೂಡ ಹೋಗಬೇಕು ಅನ್ನುವುದನ್ನು ಹೇಳಬೇಕು. ಎವಿಆರ್‌ನಲ್ಲಿ ಅದು ಫ್ಯೂಸ್ ಬಿಟ್.

ನನ್ನ ಒಂದು ಬ್ಯಾಚ್‌ನಲ್ಲಿ 60 ಬೋರ್ಡ್‌ಗೆ ಹೊರಗಿನ ಕ್ರಿಸ್ಟಲ್ ಫ್ಯೂಸ್ ಹಾಕಿಬಿಟ್ಟಿದ್ದೆವು. ಆ ಮಾದರಿಯಲ್ಲಿ ಕ್ರಿಸ್ಟಲ್ ಕೂರಿಸಿರಲೇ ಇಲ್ಲ. ಕ್ಲಾಕ್ ಇಲ್ಲದೆ ಎವಿಆರ್ ಐಎಸ್‌ಪಿಗೆ (ಬೋರ್ಡ್ ಮೇಲೇ ಪ್ರೋಗ್ರಾಂ ಹಾಕುವ ದಾರಿ) ಉತ್ತರ ಕೊಡುವುದಿಲ್ಲ. ಅರವತ್ತೂ ಮೌನ. ಕೊನೆಗೆ ಬೇರೆ ಬೋರ್ಡ್‌ನಿಂದ ಒಂದು ಕ್ಲಾಕ್ ಸಿಗ್ನಲ್ ತಂದು ಕ್ರಿಸ್ಟಲ್ ಕಾಲಿಗೆ ಹಿಡಿದು ಒಂದೊಂದನ್ನೇ ಎಬ್ಬಿಸಿ ಫ್ಯೂಸ್ ಸರಿ ಮಾಡಿದೆ. ಎರಡು ರಾತ್ರಿ. ಈಗ ಫ್ಯೂಸ್, ಲಾಕ್ ಬಿಟ್, ಪ್ರೋಗ್ರಾಂ ಮೂರನ್ನೂ ಒಂದೇ ಇಎಲ್‌ಎಫ್ ಫೈಲ್‌ನಲ್ಲಿ ಇಡುತ್ತೇನೆ. ಬೇರೆ ಬೇರೆ ಟೈಪ್ ಮಾಡುವ ಅವಕಾಶವನ್ನೇ ಕೊಡುವುದಿಲ್ಲ.

ಎವಿಆರ್ ಬಳಸುವವರಿಗೆ ಇನ್ನೊಂದು: ಹೊಸ 328ಪಿ ಬರುವಾಗ 1 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿರುತ್ತದೆ. ಐಎಸ್‌ಪಿ ಕ್ಲಾಕ್ ಅದರ ಕಾಲು ಭಾಗಕ್ಕಿಂತ ಕಡಿಮೆ ಇರಬೇಕು. ಮೊದಲು ನಿಧಾನವಾಗಿ ಫ್ಯೂಸ್ ಹಾಕಿ, ಆಮೇಲೆ ವೇಗ ಏರಿಸಿ ಪ್ರೋಗ್ರಾಂ ಹಾಕಿ.

ತುಮಕೂರು ಸ್ಟಾರ್ಟರ್:

ಜಿಗ್ ಅಂತ ತೀರ್ಮಾನ ಆಯಿತು. ಈಗ ನನ್ನ ಎರಡನೇ ಭಯಕ್ಕೆ ಬರುತ್ತೇನೆ. ಜಿಗ್ ಕಳಿಸಿದರೂ ಅದರೊಳಗೆ ಹೆಕ್ಸ್ ಫೈಲ್ ಇರುತ್ತದಲ್ಲ? ಪೀಣ್ಯ ಸರ್, ನಿಮ್ಮ ಮೇಲೆ ಅನುಮಾನ ಅಂತ ದಯವಿಟ್ಟು ತಿಳಿಯಬೇಡಿ.

ಪೀಣ್ಯ ಲೈನ್:

ಖಂಡಿತ ತಿಳಿಯುವುದಿಲ್ಲ. ಕೇಳಲೇಬೇಕಾದ ಪ್ರಶ್ನೆ. ನಮ್ಮಲ್ಲಿ ಬರುವ ಹೋಗುವ ಜನ ಬಹಳ. ಫೈಲ್ ನಮ್ಮ ಕಂಪ್ಯೂಟರ್‌ನಲ್ಲಿ ಇಲ್ಲದಿದ್ದರೆ ನಮಗೂ ನೆಮ್ಮದಿ.

ಮ್ಯೂನಿಕ್‌ನಿಂದ:

ಇಲ್ಲಿ ನಮ್ಮ ಕಂಪನಿ ಸೆಗ್ಗರ್ ಫ್ಲ್ಯಾಶರ್ ಬಳಸುತ್ತದೆ. ಲ್ಯಾಪ್‌ಟಾಪ್ ಬೇಡ, ಫೈಲ್ ಅದರೊಳಗೇ ಇರುತ್ತದೆ, ಗುಂಡಿ ಒತ್ತಿದರೆ ಸಾಕು. ಅವರದೇ ಫ್ಲ್ಯಾಶರ್ ಸೆಕ್ಯೂರ್ ಅನ್ನುವ ವ್ಯವಸ್ಥೆಯಲ್ಲಿ ಪ್ರತಿ ಚಿಪ್‌ನ ಗುರುತಿನ ಸಂಖ್ಯೆ ಓದಿ, ನಿಮ್ಮ ಸರ್ವರ್ ಒಪ್ಪಿಗೆ ಕೊಟ್ಟರೆ ಮಾತ್ರ ಮುಂದಿನ ಹೆಜ್ಜೆ. 400 ಅಂದರೆ 400, 401ನೆಯದಕ್ಕೆ ಒಪ್ಪಿಗೆ ಇಲ್ಲ. ಬೆಲೆ ಮಾತ್ರ ಸಣ್ಣ ತಂಡಕ್ಕೆ ಭಾರ, ಅದನ್ನೂ ಹೇಳಿಬಿಡುತ್ತೇನೆ. ಮೈಕ್ರೋಚಿಪ್ ಚಿಪ್ ಬಳಸುವವರಿಗೆ ಪಿಕ್‌ಕಿಟ್ ಇದೆ, ಅದರಲ್ಲೂ ಲ್ಯಾಪ್‌ಟಾಪ್ ಇಲ್ಲದೆ ಹಾಕಬಹುದು, ಕಡಿಮೆ ದುಡ್ಡಿಗೆ ಸಿಗುತ್ತದೆ. ಎಸ್‌ಟಿಎಂಗೆ ಅದು ಬರುವುದಿಲ್ಲ.

ಧಾರವಾಡ ಫರ್ಮ್‌ವೇರ್:

ಅಷ್ಟು ಖರ್ಚಿಲ್ಲದೆ ಒಂದು ದಾರಿ ಇದೆ. ಪ್ರೋಗ್ರಾಂ ಎರಡು ಮಾಡಿ. ಅಸೆಂಬ್ಲಿಗೆ ಹೋಗುವುದು ಟೆಸ್ಟ್ ಪ್ರೋಗ್ರಾಂ ಮತ್ತು ನಿಮ್ಮ ಸ್ವಂತ ಬೂಟ್‌ಲೋಡರ್. ರಿಲೇ, ಎಡಿಸಿ, ಜಿಎಸ್‌ಎಂ ಪರೀಕ್ಷೆ ಅಷ್ಟೇ ಅದರಲ್ಲಿ. ಕದ್ದರೂ ಯಾರಿಗೂ ಉಪಯೋಗವಿಲ್ಲ. ಬೋರ್ಡ್ ನಿಮ್ಮ ಮನೆಗೆ ಬಂದ ಮೇಲೆ ಡಬ್ಬಿಗೆ ಹಾಕುವ ಮೊದಲು ಅಸಲಿ ಪ್ರೋಗ್ರಾಂ ಸೀರಿಯಲ್‌ನಲ್ಲಿ ನೀವೇ ಹಾಕಿ. ಬೂಟ್‌ಲೋಡರ್ ಅದನ್ನು ಒಪ್ಪಿದ ಮೇಲೆ ಓದುವ ಬಾಗಿಲು ಮುಚ್ಚಿ, ಆರ್‌ಡಿಪಿ ಲೆವೆಲ್ 1.

ಲೆವೆಲ್ 1 ಅಂದರೆ ಯಾರಾದರೂ ಬಿಚ್ಚಲು ಹೋದರೆ ಫ್ಲ್ಯಾಶ್ ಪೂರ್ತಿ ಅಳಿಸಿಹೋಗುತ್ತದೆ. ಬೀಗ ಮುರಿಯಲಾಗದ್ದು ಅಂತ ಮಾತ್ರ ತಿಳಿಯಬೇಡಿ. 2017ರಲ್ಲಿ ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯ ಸಂಶೋಧಕರು ಎಸ್‌ಟಿಎಂ32ಎಫ್0 ಸರಣಿಯಲ್ಲಿ ಲೆವೆಲ್ 1 ದಾಟಿ ಪ್ರೋಗ್ರಾಂ ಓದಿ ತೋರಿಸಿದ್ದಾರೆ. ಅದು ಬೇರೆ ಸರಣಿ, ಆದರೂ ನೆನಪಿರಲಿ. ಲೆವೆಲ್ 2 ಇನ್ನೂ ಗಟ್ಟಿ, ಆದರೆ ಎಸ್‌ಡಬ್ಲ್ಯೂಡಿ ಶಾಶ್ವತವಾಗಿ ಮುಚ್ಚುತ್ತದೆ. ಎಸ್‌ಟಿಯವರ ಬೂಟ್‌ಲೋಡರ್ ಕೂಡ ಸಿಗುವುದಿಲ್ಲ. ತೋಟದಿಂದ ವಾಪಸ್ ಬಂದ ಬೋರ್ಡ್ ಯಾಕೆ ಕೆಟ್ಟಿತು ಅಂತ ಒಳಗೆ ಇಣುಕಿ ನೋಡಲು ನಿಮಗೇ ಆಗುವುದಿಲ್ಲ. ಎರಡನೇ ಬ್ಯಾಚ್‌ಗೆ ಅದು ಬೇಡ.

ಹಳೇ ಇಪ್ರಾಂ:

ಇಲ್ಲಿ ನನಗೆ ಒಪ್ಪಿಗೆ ಇಲ್ಲ. ಬೋರ್ಡ್ ಎರಡು ಸಲ ಕೈಗೆತ್ತಿಕೊಳ್ಳಬೇಡಿ ಅಂತ ಪೀಣ್ಯದವರು ಈಗ ತಾನೇ ಹೇಳಿದರು. ನೀವು ಮತ್ತೆ ಎರಡು ಹೆಜ್ಜೆ ಮಾಡಿಸುತ್ತಿದ್ದೀರಿ. ಹೆಜ್ಜೆ ಜಾಸ್ತಿ ಆದಷ್ಟೂ ಟೆಸ್ಟ್ ಪ್ರೋಗ್ರಾಂ ಇರುವ ಬೋರ್ಡ್ ಹಾಗೇ ರೈತರ ಮನೆಗೆ ಹೋಗುವ ಸಾಧ್ಯತೆ ಜಾಸ್ತಿ. ಇವರಿಗೆ ಆದದ್ದೇ ಅದು. ಪ್ರೋಗ್ರಾಂ ಕಳ್ಳತನದಿಂದ ಇವರಿಗೆ ಆಗಬಹುದಾದ ನಷ್ಟ ದೊಡ್ಡದಾ, ಇನ್ನೊಂದು ಮೋಟರ್ ಸುಟ್ಟರೆ ಆಗುವುದು ದೊಡ್ಡದಾ?

ಧಾರವಾಡ ಫರ್ಮ್‌ವೇರ್:

ಸರ್, ನಿಮ್ಮ ಪ್ರಶ್ನೆ ಸರಿಯಾಗಿದೆ. ಅದಕ್ಕೇ ಟೆಸ್ಟ್ ಪ್ರೋಗ್ರಾಂ ಕೈಯಲ್ಲಿ ರಿಲೇ ಹಿಡಿದಿಡುವ ಅಧಿಕಾರವೇ ಇರಬಾರದು. ಅರ್ಧ ಸೆಕೆಂಡ್ ಎಳೆದು ಬಿಟ್ಟುಬಿಡಬೇಕು, ಅದೂ ಜಿಗ್ ಸೀರಿಯಲ್‌ನಲ್ಲಿ ಕೇಳಿದಾಗ ಮಾತ್ರ. ಆ ಬೋರ್ಡ್ ತೋಟಕ್ಕೆ ಹೋದರೆ ಮೋಟರ್ ಓಡುವುದೇ ಇಲ್ಲ. ರೈತರು ಫೋನ್ ಮಾಡುತ್ತಾರೆ, ಬೋರ್ಡ್ ಬದಲಿಸುತ್ತೀರಿ. ಸುಡುವುದಿಲ್ಲ. ಕೆಂಪು ಎಲ್‌ಇಡಿ ಮಿನುಗುತ್ತಲೇ ಇರಲಿ, ಡಬ್ಬಿಗೆ ಹಾಕುವವರ ಕಣ್ಣಿಗೆ ಬೀಳುತ್ತದೆ.

ಹಳೇ ಇಪ್ರಾಂ:

ರಿಲೇ ಹಿಡಿಯುವುದಿಲ್ಲ ಅಂದರೆ ಸರಿ. ಅಷ್ಟಾದರೆ ಒಪ್ಪುತ್ತೇನೆ.

ಪೀಣ್ಯ ಲೈನ್:

ಜಿಗ್ ಮಾಡುವಾಗ ನಾಲ್ಕು ಮಾತು. ಪೋಗೋ ಪಿನ್ (ಸ್ಪ್ರಿಂಗ್ ಇರುವ ಪಿನ್) ಪಿ75 ಸಾಕು, ದಪ್ಪ 1.02 ಮಿ.ಮೀ. ಬೋರ್ಡ್ ಡಿಸೈನ್ ಫೈಲ್‌ನಿಂದಲೇ ಪ್ಯಾಡ್‌ಗಳ ಜಾಗ ತೆಗೆದು, ಅದೇ ಅಳತೆಗೆ ತೂತು ಇರುವ ಎರಡು ಪಿಸಿಬಿ ಮಾಡಿಸಿ. ಒಂದರ ಮೇಲೊಂದು ಅಂತರ ಬಿಟ್ಟು ಕೂರಿಸಿ. ಎರಡು ತೂತಲ್ಲಿ ಹಾದ ಪಿನ್ ವಾಲುವುದಿಲ್ಲ. ಪ್ಯಾಡ್‌ಗೆ ಚೂಪು ತುದಿ, ಬೆಸುಗೆ ಹಾಕಿದ ಕಾಲಿಗೆ ಕಿರೀಟದ ತುದಿ. ಬೋರ್ಡ್‌ನಲ್ಲಿ ಎರಡು 3 ಮಿ.ಮೀ. ತೂತು ಮೂಲೆಯಲ್ಲಿ ಬಿಡಿ, ಜಿಗ್‌ನ ಗೂಟ ಅದರಲ್ಲಿ ತೂರಿ ಬೋರ್ಡ್ ಕೂರಬೇಕು. ಪಿಸಿಬಿ ಅಂಚನ್ನು ನಂಬಬೇಡಿ, ವಿ-ಕಟ್ (ಬೋರ್ಡ್ ಬಿಡಿಸಲು ಕೊರೆದ ಗೀರು) ಮುರಿದ ಅಂಚು ಒಂದೊಂದು ಒಂದೊಂದು ಥರ.

ಹತ್ತು ಬೋರ್ಡ್‌ನ ಪ್ಯಾನೆಲ್‌ಗೆ ಒಂದೇ ಸಲ ಹಾಕಲು ಆಸೆ ಆಗುತ್ತದೆ. ಈ ಬ್ಯಾಚ್‌ಗೆ ಬೇಡ. ಬೋರ್ಡ್‌ಗೆ ಐದು ಪಿನ್ ಅಂದರೂ 50 ಪಿನ್, ಒಂದಕ್ಕೆ 100 ಗ್ರಾಂ ಒತ್ತಡ ಹಿಡಿದರೆ 5 ಕೆಜಿ. ಕೆಳಗಿನಿಂದ ಅಷ್ಟು ತಳ್ಳುವಾಗ ಪ್ಯಾನೆಲ್ ಬಾಗಿದರೆ ಸೆರಾಮಿಕ್ ಕೆಪಾಸಿಟರ್ ಒಳಗೇ ಬಿರುಕು ಬಿಡುತ್ತದೆ. ಒಂದೊಂದೇ ಮಾಡಿ.

ಇನ್ನು ಪವರ್. ಅಸಲಿ ಎಸ್‌ಟಿ-ಲಿಂಕ್ ವಿ2 ಬೋರ್ಡ್‌ಗೆ ಕರೆಂಟ್ ಕೊಡುವುದಿಲ್ಲ, ಅದರ ಆ ಪಿನ್ ಬೋರ್ಡ್‌ನ ವೋಲ್ಟೇಜ್ ನೋಡಲು ಮಾತ್ರ. ಕಡಿಮೆ ಬೆಲೆಯ ನಕಲುಗಳು 3.3 ವೋಲ್ಟ್ ಕೊಡುತ್ತವೆ, ಆದರೆ ಜಿಎಸ್‌ಎಂ ಮಾಡ್ಯೂಲ್ ಸಿಗ್ನಲ್ ಕಳಿಸುವಾಗ ಕ್ಷಣಕ್ಕೆ 2 ಆಂಪಿಯರ್ ತನಕ ಎಳೆಯುತ್ತದೆ. ಅದಕ್ಕೆ ಬೇರೆ ಸಪ್ಲೈ ಇಡಿ.

ಒಂದು ಪ್ರಶ್ನೆ. ನಿಮ್ಮ ಬೋರ್ಡ್‌ಗೆ ಟ್ರಾನ್ಸ್‌ಫಾರ್ಮರ್ ಇದೆಯಾ, ಕೆಪಾಸಿಟರ್ ಡ್ರಾಪರ್ (ಟ್ರಾನ್ಸ್‌ಫಾರ್ಮರ್ ಇಲ್ಲದೆ ನೇರ ಮೇನ್ಸ್‌ನಿಂದ ಬರುವ) ಸಪ್ಲೈಯಾ?

ತುಮಕೂರು ಸ್ಟಾರ್ಟರ್:

ಟ್ರಾನ್ಸ್‌ಫಾರ್ಮರ್ ಇದೆ. ಆದರೆ ಫೇಸ್ ಅಳೆಯುವ ಭಾಗ ರೆಸಿಸ್ಟರ್ ಮೂಲಕ ನೇರ ಮೇನ್ಸ್‌ಗೆ ಸೇರುತ್ತದೆ.

ಪೀಣ್ಯ ಲೈನ್:

ಹಾಗಾದರೆ ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಜಿಗ್ ಮೇಲೆ ಅಂಟಿಸಿ: ಮೇನ್ಸ್ ಇರುವಾಗ ಪ್ರೋಗ್ರಾಮರ್ ಮುಟ್ಟಿಸಬೇಡಿ. ನಿಮ್ಮ ಗ್ರೌಂಡ್ ಮೇನ್ಸ್ ಜೊತೆ ಸೇರಿದೆ. ಎಸ್‌ಟಿ-ಲಿಂಕ್ ಹಾಕಿದರೆ ಲ್ಯಾಪ್‌ಟಾಪ್ ಬಾಡಿಗೂ ಮೇನ್ಸ್ ಬರುತ್ತದೆ. ಲ್ಯಾಪ್‌ಟಾಪ್ ಸುಟ್ಟರೆ ಕೊಳ್ಳಬಹುದು, ಅದರ ಮೇಲೆ ಕೈಯಿಟ್ಟು ಕೂತ ಹುಡುಗ ಯಾರದೋ ಮನೆಯ ಮಗ.

ಕಡಲತೀರ:

ಲ್ಯಾಪ್‌ಟಾಪ್ ಬೇಡ ಅನ್ನುವವರಿಗೆ ನಾನು ಮಾಡಿದ್ದು ಹೇಳುತ್ತೇನೆ. ಒಂದು ರಾಸ್ಪ್‌ಬೆರಿ ಪೈ (ಸಣ್ಣ ಕಂಪ್ಯೂಟರ್ ಬೋರ್ಡ್) ಜಿಗ್ ಒಳಗೇ ಕೂರಿಸಿ. ಓಪನ್‌ಒಸಿಡಿ ಅನ್ನುವ ಸಾಫ್ಟ್‌ವೇರ್ ಅದರ ಜಿಪಿಐಒ ಪಿನ್‌ಗಳಿಂದಲೇ ಎಸ್‌ಡಬ್ಲ್ಯೂಡಿ ಮಾತಾಡುತ್ತದೆ, ಎಸ್‌ಟಿ-ಲಿಂಕ್ ಕೂಡ ಬೇಡ. ಹೊರಗೆ ಒಂದು ಹಸಿರು ದೀಪ, ಒಂದು ಕೆಂಪು ದೀಪ, ಒಂದು ಗುಂಡಿ. ಸ್ಕ್ರೀನ್ ಇಲ್ಲ, ಮೌಸ್ ಇಲ್ಲ, ಫೈಲ್ ಆರಿಸುವ ಪ್ರಶ್ನೆಯೇ ಇಲ್ಲ. ನಮ್ಮಲ್ಲಿ ಜಿಗ್ ಮೇಲೆ ಕೆಲಸ ಮಾಡುವ ಅಕ್ಕ ಮೊದಲ ದಿನವೇ ಊಟದ ಹೊತ್ತಿಗೆ 100 ಬೋರ್ಡ್ ಮುಗಿಸಿದ್ದರು.

ಹಾಗೇ ಪ್ರತಿ ಬೋರ್ಡ್‌ಗೂ ಒಂದು ಸಾಲು ದಾಖಲೆ ಬರೆಸಿ. ಚಿಪ್‌ನ 96 ಬಿಟ್ ಗುರುತಿನ ಸಂಖ್ಯೆ, ಪ್ರೋಗ್ರಾಂನ ಚೆಕ್‌ಸಮ್, ತಾರೀಖು, ಟೆಸ್ಟ್‌ನಲ್ಲಿ ಬಂದ ಅಂಕಿಗಳು. ನಿಮ್ಮ ಸೀರಿಯಲ್ ನಂಬರ್ ಫ್ಲ್ಯಾಶ್‌ನ ಕೊನೆಯ 2 ಕೆಬಿ ಪೇಜ್‌ನಲ್ಲಿ ಬರೆದು, ಅದೇ ನಂಬರ್ ಸ್ಟಿಕರ್ ಅಂಟಿಸಿ. ನಾಳೆ ಯಾವುದೋ ತೋಟದಿಂದ ಫೋನ್ ಬಂದರೆ ಆ ಬೋರ್ಡ್ ಒಳಗೆ ಏನಿದೆ ಅಂತ ಮನೆಯಲ್ಲಿ ಕೂತೇ ಹೇಳಬಹುದು.

ಹಳೇ ಇಪ್ರಾಂ:

ನಾವು ಗಾಜಿನ ಕಿಟಕಿ ಮೇಲೆ ಅಂಟಿಸುತ್ತಿದ್ದ ಸ್ಟಿಕರ್ ಇದೇ ಕೆಲಸ ಮಾಡುತ್ತಿತ್ತು. ಸಂತೋಷವಾಯಿತು.

ತುಮಕೂರು ಸ್ಟಾರ್ಟರ್:

ಮೂರು ದಿನ ಆಯಿತು. ಬೋರ್ಡ್ ಡಿಸೈನ್ ತಿದ್ದಿದ್ದೇನೆ. ಐದು ಪ್ಯಾಡ್ ಎಸ್‌ಡಬ್ಲ್ಯೂಡಿಗೆ, ಎರಡು ಸೀರಿಯಲ್‌ಗೆ, ಫೇಸ್ ಅಳೆಯುವ ಮೂರು ಜಾಗಕ್ಕೆ ಒಂದೊಂದು, ಜಿಎಸ್‌ಎಂ ಸಪ್ಲೈಗೆ ಎರಡು. ಮೂಲೆಯಲ್ಲಿ ಎರಡು ತೂತು. ಜಿಗ್ ಪಿಸಿಬಿ ಕೂಡ ಜೊತೆಗೇ ಆರ್ಡರ್ ಮಾಡುತ್ತೇನೆ. ಟೆಸ್ಟ್ ಪ್ರೋಗ್ರಾಂ ರಿಲೇಯನ್ನು ಅರ್ಧ ಸೆಕೆಂಡ್‌ಗಿಂತ ಜಾಸ್ತಿ ಹಿಡಿಯುವುದಿಲ್ಲ, ಬರೆದು ಮುಗಿಸಿದೆ. ಅಸಲಿ ಪ್ರೋಗ್ರಾಂ ಇಲ್ಲಿ ತುಮಕೂರಲ್ಲಿ ನಾವೇ ಹಾಕುತ್ತೇವೆ.

ಪಾವಗಡದ ರೈತರಿಗೂ ಫೋನ್ ಮಾಡಿದ್ದೆ. ಹೊಸ ಬ್ಯಾಚ್‌ನ ಮೊದಲ ಬೋರ್ಡ್ ಅವರಿಗೇ ಕೊಡುತ್ತೇವೆ ಅಂದೆ. "ಮೊದಲು ನಿಮ್ಮ ಮೇಜಿನ ಮೇಲೆ ಒಂದು ವಾರ ಓಡಿಸಿ, ಆಮೇಲೆ ತನ್ನಿ" ಅಂದರು. ಓಡಿಸುತ್ತೇವೆ.

ಒಂದು ಕೊನೆಯ ಪ್ರಶ್ನೆ. ಪಿನ್ ಸವೆದರೆ ಜಿಗ್ ಪೂರ್ತಿ ಬಿಚ್ಚಬೇಕಾ?

ಪೀಣ್ಯ ಲೈನ್:

ಬೇಡ. ಪಿ75 ಪಿನ್‌ಗೆ ಆರ್75 ಅಂತ ಒಂದು ಕೊಳವೆ ಸಿಗುತ್ತದೆ. ಬೆಸುಗೆ ಕೊಳವೆಗೆ ಹಾಕಿ, ಪಿನ್ ಅದರೊಳಗೆ ತೂರಿಸಿ. ಸವೆದ ಪಿನ್ ಇಕ್ಕಳದಿಂದ ಎಳೆದು ಹೊಸದು ಹಾಕಬಹುದು. ಕೊಳವೆ ಪಿನ್‌ಗಿಂತ ದಪ್ಪ, ಹಾಗಾಗಿ ಜಿಗ್ ಪಿಸಿಬಿ ಆರ್ಡರ್ ಮಾಡುವ ಮೊದಲು ತೂತಿನ ಅಳತೆ ಕೊಳವೆಗೆ ತಕ್ಕಂತೆ ಬದಲಿಸಿಕೊಳ್ಳಿ. ಹತ್ತು ಪಿನ್ ಜಾಸ್ತಿ ಕೊಂಡು ಜಿಗ್ ಪೆಟ್ಟಿಗೆಯಲ್ಲೇ ಇಟ್ಟು ಕಳಿಸಿ.